ವರ್ಷ ಬರೀರಿ, ಬರೀ ಹೆಸರು ಬ್ಯಾಡ

ನಮ್ಮದು ಅಮೆರಿಕದ ಬೇಸ್‌ಬಾಲನ್ನ ಕಾರ್ಡು, ದಾಳ ಇಟ್ಟು ಮನೆಯಲ್ಲೇ ಆಡೋ ಆಟ; ಒಂದು ಕಾರ್ಡು ಅಂದರೆ ಒಬ್ಬ ಆಟಗಾರನ ಒಂದು ವರ್ಷ. ಇದರಲ್ಲಿ ಹಳೆ ಕಾಲದ ದೊಡ್ಡ ಆಟಗಾರ ಬೇಬ್ ರೂತ್ ಬೇಕು ಅಂತ ಕೇಳಿದರೆ ಸಾಲದು. ಯಾವ ವರ್ಷದ ಬೇಬ್ ರೂತ್ ಅಂತ ಹೇಳಬೇಕು. 1927ರವನು 60 ಹೋಮ್ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ) ಹೊಡೆದವನು. 1925ರವನು ಹೊಟ್ಟೆ ಕೆಟ್ಟು ಆಸ್ಪತ್ರೆ ಸೇರಿ, 98 ಪಂದ್ಯ ಆಡಿ, 25 ಹೋಮ್ ರನ್‌ಗೆ ಸುಸ್ತಾದವನು. 1916ರವನನ್ನು ಕೇಳಿದರೆ ನಿಮ್ಮ ಕೈಗೆ ಬ್ಯಾಟರ್ ಬರೋದೇ ಇಲ್ಲ, ಪಿಚರ್ ಬರ್ತಾನೆ, ಅಂದರೆ ಅಲ್ಲಿನ ಬೌಲರ್. ಆ ವರ್ಷ ಅವನು ಬಾಸ್ಟನ್ ಪರ ಚೆಂಡು ಎಸೆದು 23 ಪಂದ್ಯ ಗೆದ್ದಿದ್ದ. ಮನುಷ್ಯ ಒಬ್ಬನೇ, ಕಾರ್ಡು ಮಾತ್ರ ವರ್ಷಕ್ಕೊಂದು.

ಇದನ್ನ ಬರೀತಿರೋ ಕಾರಣ ನನ್ನ ಮನೆಯ ಬಿಸ್ಕತ್ ಡಬ್ಬಿ. ಅದರ ತುಂಬ ಚೀಟಿ. ಯಾರಿಗೆ ಯಾವ ಆಟಗಾರನ ಯಾವ ಸೀಸನ್ ಬೇಕು ಅಂತ ಬರೆದು ಹಾಕಿ ಹೋಗಿದ್ದಾರೆ. ಕೆಲವು ಚೀಟಿಯಲ್ಲಿ ಹೆಸರು ಇದೆ, ವರ್ಷ ಇಲ್ಲ. ಒಂದರಲ್ಲಿ ವರ್ಷ ಇದೆ, ಹೆಸರೇ ಇಲ್ಲ.

ಕಲಬುರಗಿಯಲ್ಲಿ ಬೇಸ್‌ಬಾಲಾ ಅಂತ ನಗೋರಿಗೆ ಮೊದಲೇ ಹೇಳಿಬಿಡ್ತೀನಿ. ನಾವ್ಯಾರೂ ಬೇಸ್‌ಬಾಲ್ ಆಡಿದವರಲ್ಲ. ನಾನು ಕಪನೂರ ಕಡೆ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯೋನು. ಭಾನುವಾರ ಬ್ರಹ್ಮಪುರದ ನಮ್ಮ ಮಾಳಿಗೆ ಮೇಲಿನ ಕೋಣೆಯಲ್ಲಿ ನಾಲ್ಕೈದು ಜನ ಸೇರ್ತೀವಿ. ರೈಲ್ವೆಯಿಂದ ರಿಟೈರ್ ಆದ ಗಾರ್ಡ್ ಮಾಮಾ, ಸ್ಟೇಷನ್ ಹತ್ತಿರ ಚಹಾದ ಹೋಟೆಲ್ ಇಟ್ಟಿರೋ ಚಾಚಾ, ಮಿಲ್ಲಿನ ಇಬ್ಬರು ಹುಡುಗರು, ನಡುವೆ ನುಗ್ಗುವ ನಮ್ಮಣ್ಣನ ಮಗಳು. ಮೂರು ದಾಳ, ಒಂದು ರಾಶಿ ಕಾರ್ಡು, ಸ್ಕೋರ್ ಬರೆಯೋಕೆ ಒಂದು ನೋಟ್‌ಬುಕ್. ಇಷ್ಟೇ ಸ್ಟೇಡಿಯಂ.

ಶುರು ಆಗಿದ್ದು ಕಾಕಾನ ಮಗನಿಂದ. ಅವನು ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಕೆಲಸ ಮಾಡ್ತಾನೆ. ಶರಣಬಸವೇಶ್ವರ ಜಾತ್ರೆಗೆ ಅಂತ ಊರಿಗೆ ಬರುವಾಗ ಒಮ್ಮೆ ಸ್ಟ್ರಾಟ್-ಒ-ಮ್ಯಾಟಿಕ್ ಅನ್ನೋ ಆಟ ತಂದ. ಹ್ಯಾಲ್ ರಿಚ್‌ಮನ್ ಎಂಬಾತ 1961ರಲ್ಲಿ ಮಾರಾಟಕ್ಕೆ ತಂದ ಆಟ ಅದು. ಅದಕ್ಕೂ ಹತ್ತು ವರ್ಷ ಮೊದಲು, 1951ರಲ್ಲಿ, ಎಪಿಬಿಎ ಅನ್ನೋ ಇನ್ನೊಂದು ಆಟ ಬಂದಿತ್ತು. ಎರಡಕ್ಕೂ ಇವತ್ತಿಗೂ ಜನ ಇದ್ದಾರೆ. ಎರಡರ ಅಭಿಮಾನಿಗಳೂ ಕಂಪನಿಯ ಬೆನ್ನು ಬಿಡಲ್ಲ. ಆ ವರ್ಷದ ಸೆಟ್ ಯಾವಾಗ ಬರ್ತದೆ, ಈ ಆಟಗಾರನ ಕಾರ್ಡು ಯಾಕೆ ಬಿಟ್ಟಿರಿ ಅಂತ. ನಾನು ಅವರನ್ನ ನೋಡಿಲ್ಲ, ಆದರೂ ನನ್ನ ಡಬ್ಬಿ ನೋಡಿದ ಮೇಲೆ ಅವರೆಲ್ಲ ಎಂಥವರು ಅಂತ ಗೊತ್ತಾಗಿದೆ.

ಆಟ ಹೇಗೆ ಅಂತ ಹೇಳದೆ ಮುಂದೆ ಹೋದರೆ ಉಪಯೋಗ ಇಲ್ಲ. ಪ್ರತಿ ಬ್ಯಾಟರ್‌ಗೆ ಒಂದು ಕಾರ್ಡು, ಅದರಲ್ಲಿ 1, 2, 3 ಅಂತ ಮೂರು ಸಾಲು. ಪಿಚರ್ ಕಾರ್ಡಿನಲ್ಲಿ 4, 5, 6. ಮೂರು ದಾಳ ಒಟ್ಟಿಗೆ ಉರುಳಿಸಬೇಕು. ಬಿಳಿ ದಾಳ ಯಾವ ಸಾಲು ಅಂತ ಹೇಳ್ತದೆ. ಒಂದರಿಂದ ಮೂರು ಬಿದ್ದರೆ ಬ್ಯಾಟರ್‌ನ ಕಾರ್ಡು ನೋಡಬೇಕು, ನಾಲ್ಕರಿಂದ ಆರು ಬಿದ್ದರೆ ಪಿಚರ್‌ನ ಕಾರ್ಡು. ಉಳಿದ ಎರಡು ದಾಳ ಕೂಡಿಸಿದರೆ 2ರಿಂದ 12ರ ಒಳಗೆ ಒಂದು ಸಂಖ್ಯೆ. ಆ ಸಾಲಿನಲ್ಲಿ ಆ ಸಂಖ್ಯೆಯ ಮುಂದೆ ಏನು ಬರೆದಿದೆಯೋ ಅದೇ ಆಗಿದ್ದು. ಔಟು, ವಾಕು (ಪಿಚರ್ ನಾಲ್ಕು ಚೆಂಡು ಆಚೆ ಎಸೆದರೆ ಬ್ಯಾಟರ್‌ಗೆ ಪುಕ್ಕಟೆ ಸಿಗೋ ಮೊದಲ ಬೇಸ್), ಹೋಮ್ ರನ್ನು, ಏನು ಬೇಕಾದರೂ.

ಅಂದರೆ ಅರ್ಧ ಸಲ ಬ್ಯಾಟರ್‌ನ ಮಾತು ನಡೀತದೆ, ಅರ್ಧ ಸಲ ಪಿಚರ್‌ನ ಮಾತು. ಇಡೀ ಆಟದ ಜೀವ ಇರೋದು ಇಲ್ಲೇ. ಕ್ರಿಕೆಟ್‌ಗೂ ಇದು ಸರಿಯಾಗಿ ಕೂತ್ಕೊಳ್ತದೆ, ಅದು ಆಮೇಲೆ.

ಅವನು ತಂದಿದ್ದು 1968ರ ಸೆಟ್. ಅದು ಮುಗಿದ ಮೇಲೆ ಬೇರೆ ವರ್ಷ ಬೇಕು ಅನಿಸಿತು. ಪ್ರತಿ ಸಲ ಅವನ ಬ್ಯಾಗಿನಲ್ಲಿ ಜಾಗ ಎಲ್ಲಿ? ಹಂಗಾಗಿ ನಾನೇ ಕಾರ್ಡು ಮಾಡಲಿಕ್ಕೆ ಕೂತೆ. ಲೆಕ್ಕಕ್ಕೆ ಕೊರತೆ ಇಲ್ಲ. ಸೀನ್ ಲಾಹ್ಮನ್ ಅನ್ನೋ ಪತ್ರಕರ್ತ 1871ರಿಂದ ಈಚೆಗಿನ ಬೇಸ್‌ಬಾಲ್ ಅಂಕಿಗಳನ್ನೆಲ್ಲ ಒಟ್ಟುಮಾಡಿ ಪುಕ್ಕಟೆ ಬಿಟ್ಟಿದ್ದಾರೆ. ಎಕ್ಸೆಲ್‌ನಲ್ಲಿ ತೆಗೆದರೆ ಮಿಲ್ಲಿನ ಸ್ಟಾಕ್ ರಿಜಿಸ್ಟರ್ ಇದ್ದ ಹಾಗೇ ಕಾಣ್ತದೆ, ನನಗೆ ಹೊಸದೇನೂ ಅನಿಸಲಿಲ್ಲ.

ಕಾರ್ಡಿನ ಕಾಗದ ಎಲ್ಲಿಂದ ಅಂತೀರಾ? ಪರಿಚಯದ ಒಂದು ಪ್ರಿಂಟಿಂಗ್ ಪ್ರೆಸ್‌ನವರು ಲಗ್ನಪತ್ರಿಕೆಯ ಉಳಿದ ರಟ್ಟು ಕೊಡ್ತಾರೆ. ಮುಂದೆ ಖಾಲಿ, ಹಿಂದೆ ಬಂಗಾರದ ಬಣ್ಣದಲ್ಲಿ ‘ಶ್ರೀ ಶರಣಬಸವೇಶ್ವರ ಪ್ರಸನ್ನ’. ಹಂಗಾಗಿ ನಮ್ಮ ಬೇಬ್ ರೂತ್‌ನ ಬೆನ್ನ ಮೇಲೆ ಶರಣರಿದ್ದಾರೆ. ಒಂದು ಕಾರ್ಡಿನ ಹಿಂದೆ ವರನ ಅಜ್ಜನ ಹೆಸರೂ ಅರ್ಧ ಅಚ್ಚಾಗಿದೆ. ಆ ಕಾರ್ಡು ಯಾರ ಕೈಗೆ ಬಂದರೂ ಗೆಲ್ತಾರೆ ಅಂತ ಮಿಲ್ಲಿನ ಹುಡುಗರ ನಂಬಿಕೆ.

ರೂತ್‌ನ ಕಾರ್ಡು ಮಾಡಿದ್ದು ಹೇಗೆ ಅಂತ ಹೇಳ್ತೀನಿ, ಲೆಕ್ಕ ಬೇಡ ಅನ್ನೋರು ಒಂದು ಪ್ಯಾರಾ ಹಾರಿಸಿ. 1927ರಲ್ಲಿ ಅವನು 691 ಸಲ ಕ್ರೀಸಿಗೆ ಬಂದ, 60 ಹೋಮ್ ರನ್ ಹೊಡೆದ. ನೂರಕ್ಕೆ 8.7. ಆದರೆ ಅರ್ಧ ಸಲ ದಾಳ ಪಿಚರ್ ಕಾರ್ಡಿಗೆ ಹೋಗ್ತದೆ, ಅಲ್ಲಿ ಹೋಮ್ ರನ್ ಇರೋದೇ ಕಮ್ಮಿ. ಹಂಗಾಗಿ ರೂತ್‌ನ ಕಾರ್ಡಿನಲ್ಲಿ ಹತ್ತಿರ ಹತ್ತಿರ ಎರಡು ಪಟ್ಟು ಇಡಬೇಕು, ಅದರಲ್ಲಿ ಆ ವರ್ಷದ ಸಾಮಾನ್ಯ ಪಿಚರ್ ಕೊಡೋದನ್ನ ಕಳೀಬೇಕು. ಎರಡು ದಾಳಕ್ಕೆ 36 ಬಗೆ, ಮೂರು ಸಾಲಿಗೆ 108. ಅದರಲ್ಲಿ ಸುಮಾರು 18 ರೂತ್‌ನ ಹೋಮ್ ರನ್. ಮೊದಲ ಸಾಲಿನ 7ಕ್ಕೆ ಇಟ್ಟರೆ ಆರು ಪಾಲು ಹೋಯ್ತು. 6 ಮತ್ತು 8ಕ್ಕೆ ಐದೈದು. ಮೂರನೇ ಸಾಲಿನ 11ಕ್ಕೆ ಎರಡು. ಅಲ್ಲಿಗೆ 18. ಬಿಳಿ ದಾಳ 1 ಬಿದ್ದು, ಉಳಿದೆರಡು ಏಳು ಆದರೆ ಮುಗೀತು ಕತೆ. ಅದೇ ಜಾಗ ಬೇರೆ ಸಾಮಾನ್ಯ ಬ್ಯಾಟರ್‌ನ ಕಾರ್ಡಿನಲ್ಲಿ ‘ಔಟ್’. ಆ ವರ್ಷ ಅಮೆರಿಕನ್ ಲೀಗಿನ ಉಳಿದ ಏಳು ತಂಡಗಳಲ್ಲಿ ಒಂದಾದರೂ ಇಡೀ ತಂಡ ಸೇರಿ 60 ಹೋಮ್ ರನ್ ಹೊಡೆಯಲಿಲ್ಲ ಅಂದರೆ ನೋಡಿ.

ಈಗ ಡಬ್ಬಿಗೆ ಬರೋಣ.

ದೊಡ್ಡ ಹೆಸರುಗಳನ್ನ ಎಲ್ಲರೂ ಕೇಳ್ತಾರೆ. ರೂತ್ 1927. ಟೆಡ್ ವಿಲಿಯಮ್ಸ್ 1941, ಅವನ ಸರಾಸರಿ .406, ಅಂದರೆ ಸಾವಿರ ಸಲಕ್ಕೆ 406 ಸಲ ಹೊಡೆತ ಕೂತ ಲೆಕ್ಕ. ಕೊನೆಯ ದಿನ .39955 ಇತ್ತಂತೆ. ಮನೆಯಲ್ಲಿ ಕೂತಿದ್ದರೂ .400 ಅಂತ ಬರೀತಿದ್ದರು. ಅವನು ಅವತ್ತಿನ ಎರಡೂ ಪಂದ್ಯ ಆಡಿ ಎಂಟಕ್ಕೆ ಆರು ಹೊಡೆದ. ಬ್ಯಾರಿ ಬಾಂಡ್ಸ್ 2001, 73 ಹೋಮ್ ರನ್. ಇವನ್ನೆಲ್ಲ ಮಾಡಿಕೊಟ್ಟಿದ್ದೀನಿ, ದೂರಿಲ್ಲ. ಆದರೆ ಬಾಂಡ್ಸ್‌ನ 2004 ಮಾತ್ರ ಯಾರೂ ಕೇಳಬೇಡಿ. ಆ ವರ್ಷ ಪಿಚರ್‌ಗಳು ಹೆದರಿ ಅವನಿಗೆ 232 ವಾಕ್ ಕೊಟ್ಟರು, ಅದರಲ್ಲಿ 120 ಬೇಕಂತಲೇ ಕೊಟ್ಟಿದ್ದು. ಹತ್ತು ಸಲ ಬಂದರೆ ಆರು ಸಲ ಬೇಸ್ ಮುಟ್ಟಿದ. ಲೆಕ್ಕದಲ್ಲಿ ಅದ್ಭುತ, ಆಡೋಕೆ ಬೋರು. ದಾಳ ಹಾಕು, ವಾಕು. ದಾಳ ಹಾಕು, ವಾಕು. ಚಾಚಾ ಒಂದು ಪಂದ್ಯದ ನಡುವೆಯೇ ಎದ್ದು ಹೋದರು.

1968ರ ಬಾಬ್ ಗಿಬ್ಸನ್ ವಿಷಯ ಸ್ವಲ್ಪ ಬೇರೆ. ಸೇಂಟ್ ಲೂಯಿಸ್‌ನ ಪಿಚರ್, ಕಾಕಾನ ಮಗ ಇರೋ ಊರಿನ ತಂಡದವನು ಅಂತ ನಮಗೆಲ್ಲ ಅಭಿಮಾನ. ಒಂಬತ್ತು ಇನಿಂಗ್ಸ್‌ಗೆ ಅವನು ಬಿಟ್ಟುಕೊಟ್ಟಿದ್ದು ಸರಾಸರಿ 1.12 ರನ್. 13 ಪಂದ್ಯಗಳಲ್ಲಿ ಎದುರಾಳಿಗೆ ಸೊನ್ನೆ. ಆದರೆ ಆ ವರ್ಷ ಎಲ್ಲ ಪಿಚರ್‌ಗಳದ್ದೂ ರಾಜ್ಯಭಾರ. ಅಮೆರಿಕನ್ ಲೀಗಿನಲ್ಲಿ ಮೊದಲ ಸ್ಥಾನ ಪಡೆದ ಬ್ಯಾಟರ್‌ನ ಸರಾಸರಿಯೇ .301. ಮರುವರ್ಷ ಪಿಚರ್ ನಿಲ್ಲುವ ಮಣ್ಣಿನ ದಿಬ್ಬವನ್ನ 15 ಇಂಚಿನಿಂದ 10 ಇಂಚಿಗೆ ಇಳಿಸಿದರು, ಪಿಚರ್ ಚೆಂಡು ಹಾಕಬೇಕಾದ ಜಾಗವನ್ನ, ಅಂದರೆ ಸ್ಟ್ರೈಕ್ ವಲಯವನ್ನೂ, ಸಣ್ಣದು ಮಾಡಿದರು. ಈ 1968ರ ಗಿಬ್ಸನ್‌ನನ್ನ 2001ರ ಬಾಂಡ್ಸ್ ಎದುರು ನಿಲ್ಲಿಸಿದರೆ ಯಾರ ಕಾಲದ ನಿಯಮ? ನನ್ನ ಪದ್ಧತಿ ಹೀಗೆ: ಒಬ್ಬೊಬ್ಬನಿಗೂ ಅವನದೇ ವರ್ಷದ ಸರಾಸರಿ ಹಿಡಿದು, ಅದಕ್ಕಿಂತ ಎಷ್ಟು ಮೇಲೆ, ಎಷ್ಟು ಕೆಳಗೆ ಅಂತ ಕಾರ್ಡಿಗೆ ಹಾಕೋದು. ತೊಗರಿ ಒಡೆದ ಮೇಲೆ ಹೊಟ್ಟು ಬೇರೆ ತೂಗಿ, ಬೇಳೆ ಬೇರೆ ತೂಗಿದ ಹಾಗೆ. ಇದರಿಂದ ಗಿಬ್ಸನ್‌ನ ಕಾರ್ಡು ಜನ ಅಂದುಕೊಂಡಷ್ಟು ಭಯಂಕರ ಆಗಲಿಲ್ಲ. ಗಾರ್ಡ್ ಮಾಮಾ ಇವತ್ತಿಗೂ ಒಪ್ಪಿಲ್ಲ. “ದಿಬ್ಬಾ ಎತ್ತರ ಇತ್ತಂದ್ರ ಅಂವನ ತಪ್ಪೇನೋ ಅಳಿಯಾ? ಉಳದವ್ರೂ ಅದೇ ದಿಬ್ಬದ ಮ್ಯಾಲ ನಿಂತಿದ್ರಲ್ಲ” ಅಂತಾರೆ. ಉಳಿದವರೂ ನಿಂತಿದ್ದರು ಅನ್ನೋದೇ ನನ್ನ ವಾದ ಕೂಡ. ಇಬ್ಬರೂ ಒಂದೇ ಮಾತು ಹೇಳಿಕೊಂಡು ಜಗಳ ಆಡ್ತೀವಿ.

ನನಗೆ ಖುಷಿ ಕೊಡುವ ಚೀಟಿಗಳು ಇವಲ್ಲ. ಒಂದೇ ವರ್ಷ ಮಿಂಚಿ ಹೋದವರ ಚೀಟಿಗಳು. ಜೀವಮಾನದ ಸರಾಸರಿ ನೋಡಿದರೆ ಇವರನ್ನ ಯಾರೂ ತಂಡಕ್ಕೆ ಕರೆಯಲ್ಲ. ವರ್ಷ ಹಿಡಿದು ಕೇಳೋ ಪದ್ಧತಿ ಇರೋದರಿಂದಲೇ ಇವರಿಗೆ ಬಾಗಿಲು ತೆರೀತದೆ.

ಡೆಟ್ರಾಯಿಟ್‌ನ ನಾರ್ಮ್ ಕ್ಯಾಶ್. 1961ರಲ್ಲಿ ಸರಾಸರಿ .361, 41 ಹೋಮ್ ರನ್. ಮರುವರ್ಷ .243. ಆಮೇಲೆ ಒಮ್ಮೆಯೂ .300 ಮುಟ್ಟಲಿಲ್ಲ. ಬ್ಯಾಟು ಕೊರೆದು ಒಳಗೆ ಬೆಂಡು ತುಂಬಿದ್ದೆ ಅಂತ ಎಷ್ಟೋ ವರ್ಷದ ನಂತರ ತಾನೇ ಹೇಳಿಕೊಂಡ. ಆ ಕಾರ್ಡು ಆಡಿಸೋದು ಸರಿಯಾ ತಪ್ಪಾ ಅಂತ ನಮ್ಮಲ್ಲಿ ಒಂದು ಭಾನುವಾರ ಇಡೀ ಚರ್ಚೆ ನಡೆಯಿತು, ಆಟ ನಡೆಯಲಿಲ್ಲ. ಬಾಲ್ಟಿಮೋರ್‌ನ ಬ್ರೇಡಿ ಆಂಡರ್ಸನ್ 1996ರಲ್ಲಿ 50 ಹೋಮ್ ರನ್ ಹೊಡೆದ. ಅದಕ್ಕೆ ಮೊದಲು 21 ದಾಟಿರಲಿಲ್ಲ, ಆಮೇಲೆ 24 ದಾಟಲಿಲ್ಲ. ಮಿಲ್ಲಿನ ಹುಡುಗನೊಬ್ಬ ಇವನನ್ನ ಬಿಟ್ಟು ತಂಡ ಕಟ್ಟೋದೇ ಇಲ್ಲ.

ಚಾಚಾಗೆ ಮಾರ್ಕ್ ಫಿಡ್ರಿಚ್ ಅಂದರೆ ಪ್ರಾಣ. 1976, ಡೆಟ್ರಾಯಿಟ್, ಮೊದಲನೇ ವರ್ಷದ ಹುಡುಗ. 19 ಪಂದ್ಯ ಗೆದ್ದ, ಸರಾಸರಿ 2.34, 24 ಪಂದ್ಯ ಮೊದಲಿಂದ ಕೊನೆವರೆಗೆ ತಾನೇ ಎಸೆದ. ಮಂಡಿಯೂರಿ ಕೂತು ದಿಬ್ಬದ ಮಣ್ಣನ್ನ ಕೈಯಿಂದ ಸವರಿ ಸರಿ ಮಾಡ್ತಿದ್ದ, ಚೆಂಡಿನ ಜೊತೆ ಮಾತಾಡ್ತಿದ್ದ. ನೋಡೋಕೆ ಜನ ಮುಗಿಬೀಳ್ತಿದ್ದರಂತೆ. ಮರುವರ್ಷ ಮೊದಲು ಮಂಡಿ ಹೋಯ್ತು, ಆಮೇಲೆ ಭುಜ. ಇಡೀ ಜೀವನದಲ್ಲಿ ಗೆದ್ದಿದ್ದು 29 ಪಂದ್ಯ, ಅದರಲ್ಲಿ 19 ಆ ಒಂದೇ ವರ್ಷ. ಚಾಚಾ ದಾಳ ಹಾಕುವ ಮುಂಚೆ ಅಂಗೈಯಲ್ಲಿಟ್ಟು ಅದಕ್ಕೆ ಏನೋ ಹೇಳ್ತಾರೆ, ಆಮೇಲೆ ಉರುಳಿಸ್ತಾರೆ. ಫಿಡ್ರಿಚ್ ಕಾರ್ಡು ಕೈಯಲ್ಲಿದ್ದಾಗ ಮಾತ್ರ ಹೀಗೆ.

ಗಾರ್ಡ್ ಮಾಮಾನ ನೆಚ್ಚಿನವನು ಸ್ಟೀವ್ ಕಾರ್ಲ್‌ಟನ್, 1972. ಫಿಲಡೆಲ್ಫಿಯಾ ತಂಡ ಆ ವರ್ಷ ಗೆದ್ದಿದ್ದು 59, ಸೋತಿದ್ದು 97. ಆ 59ರಲ್ಲಿ 27 ಗೆಲುವು ಇವನೊಬ್ಬನದು. ಇಂಥ ಕಾರ್ಡನ್ನ ಒಳ್ಳೆ ತಂಡದಲ್ಲಿ ಹಾಕಿದರೆ ಮಜಾ ಇಲ್ಲ ಅಂತ ಮಾಮಾ ಬೇಕಂತಲೇ ಹಾಳು ಬ್ಯಾಟರ್‌ಗಳನ್ನ ಆರಿಸಿಕೊಳ್ತಾರೆ. 1-0, 2-1 ಅಂತ ಗೆದ್ದಾಗ ಅವರ ಮುಖ ನೋಡಬೇಕು. ಮೂವತ್ತು ವರ್ಷ ಗೂಡ್ಸ್ ಗಾಡಿಯ ಹಿಂದಿನ ಡಬ್ಬಿಯಲ್ಲಿ ಒಬ್ಬರೇ ಕೂತು ಬಂದವರು.

ಎಲ್ಲಕ್ಕಿಂತ ತಲೆ ಕೆಡಿಸಿದ್ದು ಎಡ್ಡಿ ಗೇಡೆಲ್. ಕೇಳಿದ್ದು ನಮ್ಮಣ್ಣನ ಮಗಳು, ಎಲ್ಲಿಂದ ಹುಡುಕಿ ತಂದಳೋ. 1951ರ ಆಗಸ್ಟ್ 19, ಸೇಂಟ್ ಲೂಯಿಸ್ ಬ್ರೌನ್ಸ್ ತಂಡ. ಮಾಲೀಕ ಬಿಲ್ ವೀಕ್, ಜನ ಸೇರಿಸೋದರಲ್ಲಿ ಎತ್ತಿದ ಕೈ. ಅವತ್ತು 3 ಅಡಿ 7 ಇಂಚು ಎತ್ತರದ ಗೇಡೆಲ್‌ನನ್ನ ಬ್ಯಾಟ್ ಮಾಡಲಿಕ್ಕೆ ಕಳಿಸಿದ. ಅಂಗಿಯ ಮೇಲಿನ ನಂಬರ್ 1/8. ಸ್ಟ್ರೈಕ್ ವಲಯ ಅಂಗೈ ಅಗಲ. ಪಿಚರ್ ನಗುತ್ತಲೇ ನಾಲ್ಕು ಚೆಂಡು ಎಸೆದ, ನಾಲ್ಕೂ ಮೇಲೆ. ವಾಕ್. ಬೇಸ್ ಮುಟ್ಟಿದ ಕೂಡಲೇ ಅವನ ಬದಲು ಬೇರೆಯವನು ಓಡೋಕೆ ಬಂದ. ಲೀಗ್‌ನವರು ಅವನ ಒಪ್ಪಂದ ರದ್ದು ಮಾಡಿದರು. ಒಂದು ಸಲ ಬಂದ, ಒಂದು ಸಲ ಬೇಸ್ ಮುಟ್ಟಿದ. ನೂರಕ್ಕೆ ನೂರು.

ಈಗ ಇದನ್ನ ಕಾರ್ಡಿಗೆ ಹಾಕಿ ನೋಡಿ. ನನ್ನ ಸೂತ್ರದ ಪ್ರಕಾರ ಎರಡು ಪಟ್ಟು ಮಾಡಿ ಪಿಚರ್‌ನ ಪಾಲು ಕಳೆದರೆ 108 ಜಾಗಕ್ಕೆ ಇನ್ನೂರರ ಹತ್ತಿರ ವಾಕ್ ತುಂಬಬೇಕು. ಕಾರ್ಡೇ ಸಾಲಲ್ಲ. ಮೂರು ಸಾಲಿನ ತುಂಬ ವಾಕ್ ಬರೆದುಕೊಟ್ಟೆ. ಆದರೂ ಬಿಳಿ ದಾಳ 4, 5, 6 ಬಿದ್ದರೆ ಪಿಚರ್‌ನ ಕಾರ್ಡು, ಅಲ್ಲಿ ಔಟ್ ಇದೆ. ನಿಜವಾದ ಮೈದಾನದಲ್ಲಿ ಯಾರಿಗೂ ಔಟ್ ಆಗದ ಗೇಡೆಲ್ ಬ್ರಹ್ಮಪುರದ ಮಾಳಿಗೆ ಮೇಲೆ ಸ್ಟ್ರೈಕ್ ಔಟ್ ಆದ. ಹುಡುಗಿ ಅತ್ತೇಬಿಟ್ಟಳು. “ಕಾಕಾ, ಇದು ಮೋಸ. ಅಂವ ಔಟ್ ಆಗೇ ಇಲ್ಲ!” ಅವಳು ಹೇಳಿದ್ದು ಖರೆ. ಅದಕ್ಕೇ ಒಂದು ನಿಯಮ ತಂದೆ: ಯಾವ ಕಾರ್ಡನ್ನೂ ಆ ವರ್ಷ ಆತ ಆಡಿದ್ದಕ್ಕಿಂತ ಜಾಸ್ತಿ ಸಲ ಆಡಿಸುವ ಹಾಗಿಲ್ಲ. ಗೇಡೆಲ್‌ಗೆ ಸೀಸನ್ನಿಗೆ ಒಂದೇ ಸಲ, ಆ ಒಂದು ಸಲ ದಾಳ ಇಲ್ಲದೆ ವಾಕ್. ಯಾವಾಗ ಕಳಿಸಬೇಕು ಅಂತ ಅವಳು ಇಡೀ ಸೀಸನ್ ಕಾದು ಕೂತಿರ್ತಾಳೆ.

ಇನ್ನು ಕೆಲವರು ಆಗದೇ ಇದ್ದ ಸೀಸನ್ ಕೇಳ್ತಾರೆ. 1943, 44, 45ರ ಟೆಡ್ ವಿಲಿಯಮ್ಸ್. ಆಗ ಅವನು ಯುದ್ಧದ ಕಾಲದ ಸೇನಾ ಸೇವೆಯಲ್ಲಿದ್ದ, ವಿಮಾನ ಹಾರಿಸೋದು ಕಲಿತಿದ್ದ. ಹಿಂದಿನ ವರ್ಷ, ಮುಂದಿನ ವರ್ಷ ನೋಡಿ ನಡುವಿನದನ್ನ ಅಂದಾಜು ಮಾಡಬಹುದು ಅಂತಾರೆ. ಮಾಡಬಹುದು. ನಾನು ಮಾಡಲ್ಲ. ಆಡದ ಆಟಕ್ಕೆ ಕಾರ್ಡು ಬರೆದರೆ ಆಮೇಲೆ ಎಲ್ಲಿಗೆ ನಿಲ್ಲಿಸ್ತೀರಿ?

ಆಡಿದ್ದು ಖರೆ, ಆದರೆ ಲೆಕ್ಕಕ್ಕೆ ಹಿಡಿಯಲಿಲ್ಲ ಅನ್ನೋದು ಇನ್ನೊಂದು ತರಹ. ಕಪ್ಪು ಜನರನ್ನ ದೊಡ್ಡ ಲೀಗುಗಳಿಗೆ ಸೇರಿಸದ ಕಾಲದಲ್ಲಿ ಅವರದೇ ನೀಗ್ರೋ ಲೀಗುಗಳಿದ್ದವು. ಅಲ್ಲಿನ ಜಾಶ್ ಗಿಬ್ಸನ್ ಕ್ಯಾಚರ್, ಬ್ಯಾಟಿಂಗ್‌ನಲ್ಲಿ ರಾಕ್ಷಸ. ಅಲ್ಲಿನ ಸ್ಕೋರುಗಳನ್ನ ಸಂಶೋಧಕರು ಹಳೆ ಪತ್ರಿಕೆಗಳಿಂದ ಒಂದೊಂದಾಗಿ ಹೆಕ್ಕಿದರು. 2020ರ ಡಿಸೆಂಬರ್‌ನಲ್ಲಿ 1920ರಿಂದ 1948ರವರೆಗಿನ ಏಳು ಲೀಗುಗಳಿಗೆ ಮೇಜರ್ ಲೀಗ್ ಸ್ಥಾನ ಸಿಕ್ಕಿತು. 2024ರ ಮೇ ತಿಂಗಳಲ್ಲಿ ಅಂಕಿಗಳೂ ದಾಖಲೆಗೆ ಸೇರಿದವು. ಒಂದೇ ದಿನದಲ್ಲಿ ಜೀವಮಾನದ ಸರಾಸರಿಯಲ್ಲಿ ಟೈ ಕಾಬ್‌ನ .367 ಎರಡನೇ ಸ್ಥಾನಕ್ಕೆ ಇಳಿದು, ಜಾಶ್ ಗಿಬ್ಸನ್‌ನ .372 ಮೇಲೆ ಬಂತು. 1943ರ ಸೀಸನ್ನಿನ ಅವನ .466 ಈಗ ಒಂದು ವರ್ಷದ ದಾಖಲೆ. ಆ ಕಾರ್ಡನ್ನ ನಾನು ಯಾರೂ ಚೀಟಿ ಹಾಕದೇ ಮಾಡಿದೆ. ಅವನು 1947ರ ಜನವರಿಯಲ್ಲಿ ತೀರಿಕೊಂಡ, ಕಪ್ಪು ಜನರಿಗೆ ಮುಚ್ಚಿದ್ದ ದೊಡ್ಡ ಲೀಗಿನ ಬಾಗಿಲು ತೆರೆದ ಜಾಕಿ ರಾಬಿನ್‌ಸನ್ ಬ್ರೂಕ್ಲಿನ್ ಪರ ಆಡಲು ಇಳಿಯುವುದಕ್ಕೆ ಮೂರು ತಿಂಗಳು ಮೊದಲು.

ಇಷ್ಟೆಲ್ಲ ಸಾಧ್ಯ ಆಗಿದ್ದು ಅಲ್ಲಿ ಲೆಕ್ಕ ಬರೆಯೋ ಹುಚ್ಚು ಇರೋದರಿಂದ. 1989ರಲ್ಲಿ ಡೇವಿಡ್ ಸ್ಮಿತ್ ಅನ್ನೋರು ರೆಟ್ರೋಶೀಟ್ ಅಂತ ಶುರು ಮಾಡಿದರು. ಹಳೆ ಪಂದ್ಯಗಳ ಸ್ಕೋರ್ ಪುಸ್ತಕ ಯಾರ ಅಟ್ಟದ ಮೇಲಿದ್ದರೂ ತಂದು, ಆಟದ ಒಂದೊಂದು ಘಟನೆಯನ್ನೂ ಕಂಪ್ಯೂಟರಿಗೆ ಏರಿಸೋ ಕೆಲಸ. ಸಂಬಳ ಇಲ್ಲದ ಜನ ಮಾಡಿದ್ದು. ವೃತ್ತಿಯಿಂದ ನಾನೂ ಲೆಕ್ಕ ಬರೆಯೋನು, ನನಗೆ ಬೇಸ್‌ಬಾಲ್‌ಗಿಂತ ಇವರ ಮೇಲೇ ಜಾಸ್ತಿ ಪ್ರೀತಿ.

ಕ್ರಿಕೆಟ್‌ಗೆ ಬಂದಾಗ ಇದರ ಬೆಲೆ ಗೊತ್ತಾಯ್ತು. ಬಿಳಿ ದಾಳ ಮೂರರವರೆಗೆ ಬ್ಯಾಟ್ಸ್‌ಮನ್, ಆಮೇಲೆ ಬೌಲರ್, ಒಂದು ಎಸೆತಕ್ಕೆ ಒಂದು ಸಲ ದಾಳ, ಇನಿಂಗ್ಸ್‌ಗೆ 20 ಓವರ್. ಆಟ ಚೆನ್ನಾಗಿ ಕೂತಿತು. ತೊಂದರೆ ಹಳೆ ಕಾರ್ಡುಗಳದ್ದು. ಹಳೆ ಸ್ಕೋರ್ ಕಾರ್ಡಿನಲ್ಲಿ ಎಷ್ಟು ರನ್, ಹೇಗೆ ಔಟ್ ಅಂತ ಇರ್ತದೆ. ಎಷ್ಟು ಎಸೆತ ಅಂತ ಎಷ್ಟೋ ಕಡೆ ಇರಲ್ಲ. ಮಿಲ್ಲಿನ ಹಿರಿಯರೊಬ್ಬರು ವಿಶ್ವನಾಥ್ 1974-75 ಅಂತ ಚೀಟಿ ಹಾಕಿದ್ದರು. ವೆಸ್ಟ್ ಇಂಡೀಸ್ ಎದುರು ಐದು ಟೆಸ್ಟ್, 568 ರನ್, ಸರಾಸರಿ 63.11. ಮದ್ರಾಸಿನಲ್ಲಿ ತಂಡ 190ಕ್ಕೆ ಮುಗಿದಾಗ ಔಟಾಗದೆ 97. ಔಟಾಗೋದನ್ನ ಲೆಕ್ಕ ಹಾಕೋದು ಸುಲಭ, ಹತ್ತು ಇನಿಂಗ್ಸ್‌ನಲ್ಲಿ ಒಂಬತ್ತು ಸಲ. ವೇಗಕ್ಕೆ ಮಾತ್ರ ಆ ಸರಣಿಯಲ್ಲಿ ತಂಡ ಓವರಿಗೆ ಎಷ್ಟು ರನ್ ಹೊಡೆದಿತ್ತು ಅನ್ನೋದನ್ನೇ ಹಿಡಿದೆ. ಹಿರಿಯರಿಗೆ ಸಮಾಧಾನ ಇಲ್ಲ. “ಅಂವನ ಸ್ಕ್ವೇರ್ ಕಟ್ ಎಲ್ಲದ ಇದರಾಗ?” ಅಂತ ಕಾರ್ಡು ತಿರುವಿ ನೋಡಿದರು. ಹಿಂದೆ ಶರಣಬಸವೇಶ್ವರ ಪ್ರಸನ್ನ ಇತ್ತು, ಸುಮ್ಮನಾದರು.

ಗಾರ್ಡ್ ಮಾಮಾನ ಚೀಟಿ ಎಂ. ಎಲ್. ಜಯಸಿಂಹ, 1967-68. ಮಾಮಾನ ತಂದೆ ಹೈದರಾಬಾದ್ ರಾಜ್ಯದ ಕಾಲದ ಮನುಷ್ಯ. ಗುಲ್ಬರ್ಗ ಮೈಸೂರು ರಾಜ್ಯಕ್ಕೆ ಸೇರಿದ್ದೇ 1956ರಲ್ಲಿ. ಹಂಗಾಗಿ ಮಾಮಾನಿಗೆ ರಣಜಿ ಅಂದರೆ ಹೈದರಾಬಾದ್ ತಂಡ, ಬೆಂಗಳೂರಿನವರು ಎಷ್ಟು ಕಪ್ ಗೆದ್ದರೂ ಅಷ್ಟೇ. ಆಸ್ಟ್ರೇಲಿಯಾದಲ್ಲಿ ಭಾರತ ಸೋಲ್ತಾ ಇದ್ದಾಗ ನಡುವೆ ಜಯಸಿಂಹನನ್ನ ಕರೆಸಿದರು. ವಿಮಾನ ಇಳಿದು ಸರಿಯಾಗಿ ದಣಿವೂ ಆರದೆ ಬ್ರಿಸ್ಬೇನಿನಲ್ಲಿ ಆಡಿದ್ದು, 74 ಮತ್ತು 101. ಭಾರತ 39 ರನ್ನಿನಿಂದ ಸೋತಿತು. ಆ ಪ್ರವಾಸದಲ್ಲಿ ಅವನು ಆಡಿದ ಟೆಸ್ಟ್ ಎರಡೇ. ಗೇಡೆಲ್ ನಿಯಮ ಇಲ್ಲೂ ಜಾರಿ: ಸೀಸನ್ನಿಗೆ ನಾಲ್ಕು ಇನಿಂಗ್ಸ್, ಮುಗೀತು. ಮಾಮಾ ಅದನ್ನ ಫೈನಲ್‌ಗೆ ಅಂತ ಜೋಪಾನ ಮಾಡಿ ಇಟ್ಟುಕೊಳ್ತಾರೆ. ಚಾಚಾ ಅದೇ ಹೈದರಾಬಾದಿನ ಅಜರುದ್ದೀನ್ ಕೇಳಿದರು, 1984-85. ಮೊದಲ ಮೂರು ಟೆಸ್ಟಿನಲ್ಲಿ ಮೂರು ಶತಕ, ಒಟ್ಟು 439. ಆ ಕಾರ್ಡು ಮಾಡೋಕೆ ತಲೆನೋವೇ ಇರಲಿಲ್ಲ.

ಬಿ. ಎಸ್. ಚಂದ್ರಶೇಖರ್‌ನ ಬ್ಯಾಟಿಂಗ್ ಕಾರ್ಡು ಕೇಳಿದ ಮಹಾನುಭಾವನೂ ಇದ್ದಾನೆ. ಟೆಸ್ಟಿನಲ್ಲಿ 242 ವಿಕೆಟ್, 167 ರನ್. ಮಾಡಿಕೊಟ್ಟೆ. ಮೂರು ಸಾಲಿನಲ್ಲಿ ಓದೋದಕ್ಕೆ ಹೆಚ್ಚೇನೂ ಇಲ್ಲ.

ಅಣ್ಣನ ಮಗಳ ಪಟ್ಟಿ ಬೇರೆಯೇ. ರಾಜೇಶ್ವರಿ ಗಾಯಕವಾಡ್, 2017ರ ವಿಶ್ವಕಪ್. ಪಕ್ಕದ ವಿಜಯಪುರದ ಹುಡುಗಿ. ಡರ್ಬಿಯಲ್ಲಿ ನ್ಯೂಜಿಲೆಂಡ್ ಎದುರು 15 ರನ್ನಿಗೆ 5 ವಿಕೆಟ್, ಎದುರಾಳಿ 79ಕ್ಕೆ ಕಂತೆ ಕಟ್ಟಿತು. ಈ ಕಾರ್ಡಿಗೆ ಎಸೆತ ಎಸೆತದ ಲೆಕ್ಕ ಸಿಗ್ತದೆ. ಅವಳು ಆಮೇಲೆ ಕೇಳಿದ್ದು ಶಾಂತಾ ರಂಗಸ್ವಾಮಿ, 1977. ಡುನೆಡಿನ್‌ನಲ್ಲಿ ನ್ಯೂಜಿಲೆಂಡ್ ಎದುರು 108, ಭಾರತದ ಮಹಿಳೆಯೊಬ್ಬರ ಮೊದಲ ಟೆಸ್ಟ್ ಶತಕ. ಆ ಶತಕ ಇದೆ, ಸ್ಕೋರ್ ಇದೆ, ಕಾರ್ಡಿಗೆ ಬೇಕಾದ ಉಳಿದ ವಿವರ ಹುಡುಕಬೇಕು. ಮನೆಯ ಅಟ್ಟದಲ್ಲಿ ಆ ಕಾಲದ ಕನ್ನಡ ಪತ್ರಿಕೆಯ ಕ್ರೀಡಾ ಪುಟ ಇಟ್ಟುಕೊಂಡವರು ಯಾರಾದರೂ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ, ನನಗೆ ಒಂದು ಮಾತು ತಿಳಿಸಿ.

ಈ ಸಲ ಜಾತ್ರೆಗೆ ಬರುವಾಗ ಯಾವ ಸೆಟ್ ತರಲಿ ಅಂತ ಕಾಕಾನ ಮಗ ಕೇಳಿದ್ದಾನೆ. ಹುಡುಗರು 1927 ಅಂತಾರೆ, ಚಾಚಾ 1976. ಫಿಡ್ರಿಚ್ ಕಾರ್ಡು ಹೇಗೂ ಇದೆಯಲ್ಲ ಅಂದರೆ, “ಉಸ್ಕೇ ಜಮಾನೇ ಕೆ ಬ್ಯಾಟರ್ ಭೀ ಹೋನಾ ನಾ ಭಾಯಿ” ಅಂದರು. ಅವರ ಮಾತಿನಲ್ಲಿ ನ್ಯಾಯ ಇದೆ. ಒಳ್ಳೆ ಬ್ಯಾಟರ್ ಜೋ ಮೋರ್ಗನ್ ಇದ್ದ ಸಿನ್ಸಿನಾಟಿ ತಂಡವೂ ಆ ಸೆಟ್‌ನಲ್ಲೇ ಬರ್ತದೆ. 1976 ಅಂತಲೇ ಹೇಳಿ ಕಳಿಸಿದ್ದೀನಿ. ಹುಡುಗರು ಇದನ್ನ ಇಲ್ಲೇ ಓದಿ ಗೊತ್ತು ಮಾಡಿಕೊಳ್ಳಲಿ.

ಉಳಿದಿದ್ದು ದ್ರಾವಿಡ್. ಡಬ್ಬಿಯಲ್ಲಿ ಅತಿ ಹೆಚ್ಚು ಚೀಟಿ ಅವರದೇ, ಅರ್ಧದಷ್ಟರಲ್ಲಿ ವರ್ಷ ಇಲ್ಲ. ಯಾವ ದ್ರಾವಿಡ್ ಹಾಕಲಿ ಹೇಳಿ? 2002ರಲ್ಲಿ ಸತತ ನಾಲ್ಕು ಟೆಸ್ಟ್ ಶತಕ ಹೊಡೆದವರಾ? 2003-04ರಲ್ಲಿ ಅಡಿಲೇಡ್‌ನಲ್ಲಿ 233, ರಾವಲ್ಪಿಂಡಿಯಲ್ಲಿ 270 ಹೊಡೆದವರಾ? ವರ್ಷ ಬರೆದ ಚೀಟಿಗಳಲ್ಲಿ ಎರಡು ಮಾತ್ರ ಸಮಸಮ ನಿಂತಿವೆ: 1999ರ ವಿಶ್ವಕಪ್ ಮತ್ತು 2011ರ ಇಂಗ್ಲೆಂಡ್ ಪ್ರವಾಸ. ಎರಡರಲ್ಲೂ ಒಟ್ಟು ರನ್ 461, ಬೇಕಾದರೆ ತೆಗೆದು ನೋಡಿ. ಮೊದಲನೆಯದು ಒಂದು ದಿನದ ಆಟ, ಆ ಕಪ್‌ನಲ್ಲಿ ಎಲ್ಲರಿಗಿಂತ ಜಾಸ್ತಿ ರನ್. ಎರಡನೆಯದು 4-0 ಸೋತ ಸರಣಿಯಲ್ಲಿ ಮೂರು ಶತಕ, ಓವಲ್‌ನಲ್ಲಿ ಓಪನಿಂಗ್ ಇಳಿದು ಕೊನೆವರೆಗೂ ನಿಂತು 146. ನಮ್ಮ 20 ಓವರ್ ಆಟಕ್ಕೆ 1999 ಸರಿಹೊಂದ್ತದೆ ಅಂತ ಎಲ್ಲರೂ ಹೇಳ್ತಾರೆ. ನಾನು 2011 ಮಾಡ್ತಾ ಇದ್ದೀನಿ. ಮೂರನೇ ಸಾಲಿನ ತುಂಬ ‘ಬಿಟ್ಟ ಚೆಂಡು’ ಬರೀತಿದ್ದೀನಿ. ಆಕ್ಷೇಪ ಇರೋರು ಭಾನುವಾರ ಹತ್ತಕ್ಕೆ ಬರಬಹುದು, ಮಿರ್ಚಿ ಭಜಿ ಅವರೇ ತರಬೇಕು.